ರೀಲ್ಸ್ ಮಾಡಿ, ಮನೆಯ ದಾರಿ ಮಾತ್ರ ಹೇಳಬೇಡಿ: ಶಾರ್ಟ್ ವಿಡಿಯೋ ಹಾಕುವವರಿಗೊಂದು ಸಮಗ್ರ ಮಾರ್ಗದರ್ಶಿ

ನಿಮ್ಮ ಒಂದು ರೀಲ್ ನೋಡಿ ಯಾರೂ ನಿಮ್ಮ ಮನೆ ಹುಡುಕಿಕೊಂಡು ಬರುವುದಿಲ್ಲ. ಅರವತ್ತು ರೀಲ್ ನೋಡಿದವರು ಬರಬಹುದು. ಒಂದರಲ್ಲಿ ಬಾಲ್ಕನಿಯಿಂದ ಕಾಣುವ ನೀರಿನ ಟ್ಯಾಂಕ್, ಇನ್ನೊಂದರಲ್ಲಿ ಮಗಳ ಯೂನಿಫಾರ್ಮ್, ಮತ್ತೊಂದರಲ್ಲಿ "ದಿನಾ ಬೆಳಗ್ಗೆ ಆರಕ್ಕೆ ಇದೇ ಪಾರ್ಕಿಗೆ ಬರ್ತೀನಿ" ಅನ್ನುವ ಮಾತು. ಚುಕ್ಕಿ ಒಂದೊಂದೇ ಇಟ್ಟಾಗ ಏನೂ ಕಾಣುವುದಿಲ್ಲ, ಸೇರಿಸಿದಾಗ ರಂಗೋಲಿ. ಸೇರಿಸುವುದಕ್ಕೆ ದೊಡ್ಡ ಹ್ಯಾಕರ್ ಬೇಕಿಲ್ಲ. ಒಂದು ಮಧ್ಯಾಹ್ನ ಬಿಡುವಾಗಿರುವ ಯಾರಾದರೂ ಸಾಕು.

2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ ಚೀನಾದ 59 ಆ್ಯಪ್‌ಗಳನ್ನು ಸರ್ಕಾರ ನಿಷೇಧಿಸಿತು. ಹತ್ತು ದಿನ ಕಳೆಯುವಷ್ಟರಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಆಗ ಎಲ್ಲರ ಬಾಯಲ್ಲೂ "ನಮ್ಮ ಡೇಟಾ ಚೀನಾಕ್ಕೆ ಹೋಗುತ್ತೆ" ಅನ್ನುವುದೇ ಮಾತು. ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಆದರೆ ಕಂಪನಿ ಕದ್ದು ತೆಗೆದುಕೊಳ್ಳುವುದಕ್ಕಿಂತ ಜಾಸ್ತಿ ವಿಷಯವನ್ನು ನಾವೇ, ಲೈಟ್ ಹಾಕಿ, ಮೈಕ್ ಸಿಕ್ಕಿಸಿಕೊಂಡು, ಹಿನ್ನೆಲೆಗೆ ಹಾಡು ಸೇರಿಸಿ ಕೊಡುತ್ತಿದ್ದೇವೆ. ಅದಕ್ಕೇ ಇಲ್ಲಿ ಸೆಟ್ಟಿಂಗ್ಸ್ ಬಗ್ಗೆ ಎಷ್ಟು ಹೇಳಿದ್ದೇನೋ, ಕ್ಯಾಮೆರಾ ಮುಂದೆ ಏನಿಡಬೇಕು, ಏನು ಮಾತಾಡಬೇಕು ಅನ್ನುವುದರ ಬಗ್ಗೆ ಅದಕ್ಕಿಂತ ಜಾಸ್ತಿ ಹೇಳಿದ್ದೇನೆ. ರೀಲ್ಸ್ ಬಿಟ್ಟುಬಿಡಿ ಅನ್ನುವ ಉಪದೇಶ ಇದಲ್ಲ.

ಮೊದಲ ಹೆಜ್ಜೆ: ನಿಮ್ಮನ್ನೇ ಹುಡುಕಿ ನೋಡಿ

ಬೇರೆ ಏನೂ ಮಾಡುವ ಮೊದಲು ಇದನ್ನು ಮಾಡಿ. ನಿಮ್ಮನ್ನು ಫಾಲೋ ಮಾಡದ ಗೆಳತಿಯದೋ ತಮ್ಮನದೋ ಫೋನ್ ತೆಗೆದುಕೊಂಡು ನಿಮ್ಮ ಪ್ರೊಫೈಲ್ ತೆರೆಯಿರಿ. ಸ್ವಂತ ಫೋನಿನಲ್ಲಿ ನೋಡಿದರೆ ಉಪಯೋಗವಿಲ್ಲ, ಅಪರಿಚಿತರಿಗೆ ಕಾಣುವುದೇ ಬೇರೆ. ಒಂದು ಹಾಳೆ, ಒಂದು ಪೆನ್ ಇಟ್ಟುಕೊಂಡು ಹಳೆಯ ವಿಡಿಯೋದಿಂದ ಶುರು ಮಾಡಿ. ಈ ಪ್ರಶ್ನೆಗಳಿಗೆ ಉತ್ತರ ಸಿಗುತ್ತದಾ ಅಂತ ನೋಡುತ್ತಾ ಹೋಗಿ:

- ಈ ವ್ಯಕ್ತಿ ಇರುವುದು ಯಾವ ಊರು, ಯಾವ ಬಡಾವಣೆ?
- ಮನೆಯಲ್ಲಿ ಯಾರು ಯಾರಿದ್ದಾರೆ? ಒಬ್ಬರೇ ಇರುವುದು ಯಾವಾಗ?
- ಎಲ್ಲಿ ಕೆಲಸ, ಎಷ್ಟು ಹೊತ್ತಿಗೆ ಹೋಗಿ ಬರುತ್ತಾರೆ?
- ಮಕ್ಕಳ ಹೆಸರು, ಶಾಲೆ, ಹುಟ್ಟಿದ ದಿನ?
- ಫೋನ್ ನಂಬರ್, ಗಾಡಿ ನಂಬರ್?

ಯಾವ ಉತ್ತರ ಯಾವ ವಿಡಿಯೋದಲ್ಲಿ ಸಿಕ್ಕಿತು ಅಂತ ಬರೆದಿಡಿ. ಹುಟ್ಟುಹಬ್ಬದ ವಿಡಿಯೋಗಳನ್ನು ಬಿಡಬೇಡಿ. ಕೇಕ್ ಮೇಲೆ ಮಗುವಿನ ಹೆಸರು ಮತ್ತು ವಯಸ್ಸು, ಪೋಸ್ಟ್ ಮೇಲೆ ತಾರೀಖು, ಪೂರ್ತಿ ಜನ್ಮ ದಿನಾಂಕ ಸಿಕ್ಕಿತು. ಎಷ್ಟೋ ಜನರ ಪಾಸ್‌ವರ್ಡ್ ಕೂಡ ಅದೇ, ಅಲ್ವಾ?

ಆಮೇಲೆ ನಿಮ್ಮ ಯೂಸರ್‌ನೇಮ್ ಅನ್ನು ಗೂಗಲ್‌ನಲ್ಲಿ ಹಾಕಿ. ಎಲ್ಲಾ ಕಡೆ ಒಂದೇ ಹೆಸರು ಇಟ್ಟುಕೊಂಡಿದ್ದರೆ ನೀವು ಮರೆತೇ ಹೋಗಿರುವ ಹಳೆಯ ಖಾತೆಗಳೂ ಎದ್ದು ಬರುತ್ತವೆ. ಇನ್ನೊಂದು ಸಂಗತಿ. 2025ರ ಜುಲೈನಿಂದ ಇನ್‌ಸ್ಟಾಗ್ರಾಂನ ಪ್ರೊಫೆಷನಲ್ (ಅಂದರೆ ಬಿಸಿನೆಸ್ ಅಥವಾ ಕ್ರಿಯೇಟರ್) ಖಾತೆಗಳ ಪಬ್ಲಿಕ್ ಪೋಸ್ಟ್ ಮತ್ತು ರೀಲ್‌ಗಳು ಗೂಗಲ್ ಹುಡುಕಾಟದಲ್ಲೂ ಕಾಣಿಸಬಹುದು. ಬೇಡ ಅಂದರೆ ಅಕೌಂಟ್ ಪ್ರೈವಸಿ ಒಳಗೆ ಸರ್ಚ್ ಎಂಜಿನ್ ಬಗ್ಗೆ ಒಂದು ಸ್ವಿಚ್ ಇದೆ, ಅದನ್ನು ಆಫ್ ಮಾಡಿ.

ಬರೆದಿಟ್ಟ ಪಟ್ಟಿಯಲ್ಲಿರುವ ಎಲ್ಲವನ್ನೂ ಡಿಲೀಟ್ ಮಾಡಬೇಕಿಲ್ಲ. ಆರ್ಕೈವ್ ಮಾಡಿದರೆ ನಿಮಗೆ ಮಾತ್ರ ಕಾಣುತ್ತದೆ, ಲೈಕು ಕಾಮೆಂಟುಗಳೂ ಉಳಿಯುತ್ತವೆ. ಯೂಟ್ಯೂಬ್‌ನಲ್ಲಾದರೆ ಪ್ರೈವೇಟ್ ಮಾಡಿ. ಅನ್‌ಲಿಸ್ಟೆಡ್ ಸಾಲದು, ಲಿಂಕ್ ಇದ್ದವರೆಲ್ಲ ಅದನ್ನು ನೋಡಬಹುದು.

ಎರಡನೇ ಹೆಜ್ಜೆ: ಖಾತೆ ಯಾವುದಕ್ಕೆ ಅಂತ ತೀರ್ಮಾನ ಮಾಡಿ

ಬಹಳ ಜನರ ತೊಂದರೆ ಶುರುವಾಗುವುದೇ ಇಲ್ಲಿ. ಅಡುಗೆ ಚಾನೆಲ್ಲು, ಮನೆ ಫೋಟೋ, ಕಸಿನ್ ಮದುವೆ, ಎಲ್ಲವೂ ಒಂದೇ ಖಾತೆಯಲ್ಲಿ. ಎರಡು ಮಾಡಿಕೊಳ್ಳಿ. ಜಗತ್ತಿಗೆ ತೋರಿಸುವುದು ಒಂದು, ಮನೆಯವರಿಗೆ ಒಂದು. ಮನೆಯವರದು ಪ್ರೈವೇಟ್ ಇರಲಿ.

ಇನ್‌ಸ್ಟಾಗ್ರಾಂನಲ್ಲಿ ಬಿಸಿನೆಸ್ ಅಥವಾ ಕ್ರಿಯೇಟರ್ ಖಾತೆಯನ್ನು ಪ್ರೈವೇಟ್ ಮಾಡಲು ಬರುವುದಿಲ್ಲ. ವ್ಯೂಸ್ ಲೆಕ್ಕ ನೋಡುವ ಆಸೆಗೆ ಅದಕ್ಕೆ ಬದಲಾಯಿಸಿಕೊಂಡು ಆಮೇಲೆ ಪ್ರೈವೇಟ್ ಬಟನ್ ಎಲ್ಲಿ ಹೋಯಿತು ಅಂತ ಹುಡುಕುವವರು ತುಂಬಾ ಜನ. ಜೊತೆಗೆ ಆ ಖಾತೆಗಳಲ್ಲಿ ಫೋನ್ ನಂಬರ್, ಇಮೇಲ್ ತೋರಿಸುವ ಜಾಗವೂ ಇರುತ್ತದೆ. ಹದಿಹರೆಯದ ಮಕ್ಕಳು ಬಿಸಿನೆಸ್ ಖಾತೆ ಮಾಡಿಕೊಂಡು ಅವರ ನಂಬರ್, ಇಮೇಲ್ ಊರಿಗೆಲ್ಲ ಕಾಣುವಂತಾಗಿತ್ತು ಅನ್ನುವುದು ಸೇರಿ ಹಲವು ತಪ್ಪಿಗೆ 2022ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿನ ಡೇಟಾ ರಕ್ಷಣಾ ಆಯೋಗ ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾಗೆ 40.5 ಕೋಟಿ ಯೂರೋ ದಂಡ ಹಾಕಿತು. ಮರುವರ್ಷ ಟಿಕ್‌ಟಾಕ್‌ಗೂ 34.5 ಕೋಟಿ ಯೂರೋ ಬಿತ್ತು. ಅಲ್ಲಿ ಮಕ್ಕಳ ಖಾತೆ ಮೊದಲಿನಿಂದಲೇ ಪಬ್ಲಿಕ್ ಆಗಿರುತ್ತಿತ್ತು. ಕಂಪನಿಗಳು ಇಟ್ಟುಕೊಟ್ಟ ಸೆಟ್ಟಿಂಗ್ ನಮ್ಮ ಒಳ್ಳೆಯದಕ್ಕೇ ಇರುತ್ತದೆ ಅಂತ ನಂಬಿ ಕೂರಬೇಡಿ ಅನ್ನುವುದಕ್ಕೆ ಇಷ್ಟು ಸಾಕು.

ಎಡಿಟ್ ಪ್ರೊಫೈಲ್‌ಗೆ ಹೋಗಿ ಕಾಂಟ್ಯಾಕ್ಟ್ ಮಾಹಿತಿ ಕಾಣಿಸುತ್ತಿದ್ದರೆ ತೆಗೆಯಿರಿ. ಪ್ರೈವೇಟ್ ಮಾಡಿದರೂ ಹಳೆಯ ಫಾಲೋವರ್‌ಗಳು ಹಾಗೇ ಉಳಿದಿರುತ್ತಾರೆ. ಗೊತ್ತಿಲ್ಲದವರನ್ನು ಒಬ್ಬೊಬ್ಬರಾಗಿ ರಿಮೂವ್ ಮಾಡಿ, ಅವರಿಗೆ ನೋಟಿಫಿಕೇಷನ್ ಹೋಗುವುದಿಲ್ಲ. ಮುಜುಗರ ಪಡಬೇಡಿ.

ಮೂರನೇ ಹೆಜ್ಜೆ: ಫೋನ್ ನಂಬರನ್ನು ಬೇರೆ ಮಾಡಿ

ಬಯೋದಲ್ಲಿ "ಆರ್ಡರ್‌ಗೆ ವಾಟ್ಸಾಪ್ ಮಾಡಿ" ಅಂತ ಸ್ವಂತ ನಂಬರ್ ಹಾಕಿದ್ದೀರಾ? ಆ ನಂಬರನ್ನು ಯಾವುದಾದರೂ ಯುಪಿಐ ಆ್ಯಪ್‌ನಲ್ಲಿ ಹಾಕಿದರೆ, ಒಂದು ರೂಪಾಯಿ ಕಳಿಸುವ ಮೊದಲೇ ಬ್ಯಾಂಕಿನಲ್ಲಿರುವ ನಿಮ್ಮ ಹೆಸರು ಬರುತ್ತದೆ. "ಮಲೆನಾಡ ಹುಡುಗಿ" ಅಂತ ಹೆಸರಿಟ್ಟುಕೊಂಡು ಮುಖವನ್ನೂ ತೋರಿಸದೆ ವಿಡಿಯೋ ಮಾಡುತ್ತಿದ್ದವರ ಪೂರ್ತಿ ಹೆಸರು ಅಷ್ಟರಲ್ಲಿ ಹೊರಗೆ. ವಾಟ್ಸಾಪ್ ಡಿಪಿಯಲ್ಲಿ ಮನೆಯವರೆಲ್ಲರ ಫೋಟೋ ಇದ್ದರೆ ಅದೂ ಸೇರಿತು.

ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟುಕೊಳ್ಳಿ. ಹಣಕ್ಕೆ ನಂಬರ್ ಕೊಡುವ ಬದಲು ಅಂಗಡಿ ಹೆಸರಿನಲ್ಲಿ ಕ್ಯೂಆರ್ ಮಾಡಿಸಿಕೊಳ್ಳಿ. ಬ್ಯಾಂಕಿಗೂ ಆಧಾರ್‌ಗೂ ಜೋಡಿಸಿದ ನಂಬರ್ ಯಾವ ಬಯೋದಲ್ಲೂ ಬೇಡ, ಯಾವ ವಿಡಿಯೋದಲ್ಲೂ ಬೇಡ.

ಇನ್‌ಸ್ಟಾಗ್ರಾಂನ ಅಕೌಂಟ್ಸ್ ಸೆಂಟರ್‌ನಲ್ಲಿ "ಅಪ್‌ಲೋಡ್ ಕಾಂಟ್ಯಾಕ್ಟ್ಸ್" ಅನ್ನುವುದನ್ನೂ ಆಫ್ ಮಾಡಿ. ನಿಮ್ಮ ಗುಟ್ಟಿನ ಖಾತೆಯನ್ನು ಆಫೀಸಿನವರಿಗೆ "ಇವರು ಗೊತ್ತಾ?" ಅಂತ ತೋರಿಸುವುದು ಇಂಥ ಜೋಡಣೆಗಳೇ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರು ಅವರ ಕಾಂಟ್ಯಾಕ್ಟ್ಸ್ ಕೊಟ್ಟಿದ್ದರೂ ಹೀಗಾಗಬಹುದು. ಅದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ನಿಜಕ್ಕೂ ಗುಟ್ಟಾಗಿರಬೇಕಾದ ಖಾತೆಗೆ ನಂಬರ್ ಬಿಟ್ಟು ಬೇರೆ ಇಮೇಲ್ ಕೊಡುವುದೇ ದಾರಿ.

ನಾಲ್ಕನೇ ಹೆಜ್ಜೆ: ಫೋನಿನ ಪರ್ಮಿಷನ್‌ಗಳು

ಇದು ಬೇಗ ಮುಗಿಯುತ್ತದೆ. ಫೋನಿನ ಸೆಟ್ಟಿಂಗ್ಸ್, ಆ್ಯಪ್ಸ್, ಪರ್ಮಿಷನ್ಸ್. ಲೊಕೇಷನ್ ಬೇಡ. ಕಾಂಟ್ಯಾಕ್ಟ್ಸ್ ಬೇಡ. ಕ್ಯಾಮೆರಾ ಮತ್ತು ಮೈಕ್ "ಆ್ಯಪ್ ಬಳಸುವಾಗ ಮಾತ್ರ". ಹೊಸ ಆಂಡ್ರಾಯ್ಡ್ ಮತ್ತು ಐಫೋನ್‌ಗಳಲ್ಲಿ ಪೂರ್ತಿ ಗ್ಯಾಲರಿ ಕೊಡದೆ ಆರಿಸಿದ ಫೋಟೋ ವಿಡಿಯೋ ಮಾತ್ರ ಕೊಡಬಹುದು. ಮೆನು ಹೆಸರುಗಳು ಅಪ್‌ಡೇಟ್ ಆದಾಗೆಲ್ಲ ಜಾಗ ಬದಲಿಸುತ್ತವೆ, ಸಿಗದಿದ್ದರೆ ಮೇಲಿರುವ ಹುಡುಕುವ ಡಬ್ಬಿಯಲ್ಲಿ ಟೈಪ್ ಮಾಡಿ.

ಕ್ಯಾಮೆರಾ ಆ್ಯಪ್‌ನಲ್ಲೂ ಲೊಕೇಷನ್ ಟ್ಯಾಗ್ ಆಫ್ ಇರಲಿ. ಎಡಿಟ್ ಮಾಡುವವರಿಗೆ ವಿಡಿಯೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೋ ಡ್ರೈವ್ ಲಿಂಕ್ ಆಗಿಯೋ ಕಳಿಸುತ್ತೀರಲ್ಲ, ಆಗ ಕ್ವಾಲಿಟಿ ಜೊತೆಗೆ ಶೂಟ್ ಮಾಡಿದ ಜಾಗದ ಗುರುತೂ ಹಾಗೇ ಹೋಗುತ್ತದೆ.

ಐದನೇ ಹೆಜ್ಜೆ: ಶೂಟ್ ಮಾಡುವ ಮೊದಲು ಫ್ರೇಮ್ ನೋಡಿ

ರೆಕಾರ್ಡ್ ಒತ್ತುವ ಮೊದಲು ನಿಮ್ಮ ಮುಖ ಬಿಟ್ಟು ಉಳಿದ ಫ್ರೇಮ್ ನೋಡಿ. ಫ್ರಿಜ್ ಮೇಲೆ ಅಂಟಿಸಿದ ಕರೆಂಟ್ ಬಿಲ್ಲು. ಅದರಲ್ಲಿರುವ ಅಕೌಂಟ್ ಐಡಿಯನ್ನು ಪೇಮೆಂಟ್ ಆ್ಯಪ್‌ನಲ್ಲಿ ಹಾಕಿದರೆ ಮೀಟರ್ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಅನ್‌ಬಾಕ್ಸಿಂಗ್ ವಿಡಿಯೋದಲ್ಲಿ ಪಾರ್ಸೆಲ್ ಮೇಲಿನ ಲೇಬಲ್, ಅದರಲ್ಲಿ ಹೆಸರು, ವಿಳಾಸ, ಪಿನ್‌ಕೋಡ್. ಕೈಯಲ್ಲಿ ತಿರುಗಿಸಿದ್ದು ಒಂದು ಸೆಕೆಂಡ್ ಇರಬಹುದು, ನೋಡುವವರು ವಿಡಿಯೋ ನಿಲ್ಲಿಸಿ ಓದುತ್ತಾರೆ. ಗಾಡಿಯ ನಂಬರ್ ಪ್ಲೇಟ್ ಕೂಡ ಊರು ಹೇಳುತ್ತದೆ, ಕೆಎ 19 ಅಂದರೆ ಮಂಗಳೂರು, ಕೆಎ 25 ಅಂದರೆ ಧಾರವಾಡ ಅಂತ ಎಲ್ಲರಿಗೂ ಗೊತ್ತು.

ಹೊಸ ಸೈಟು, ಹೊಸ ಮನೆ ತೆಗೆದುಕೊಂಡ ಖುಷಿಯಲ್ಲಿ ನೋಂದಣಿ ಪತ್ರವನ್ನು ಪುಟ ಪುಟವಾಗಿ ತೋರಿಸುವವರಿದ್ದಾರೆ. ದಯವಿಟ್ಟು ಬೇಡ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ವಿವರ ಬಳಸಿ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲೇ ನಡೆದಿವೆ. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯ ಇದೆ, ಈಗಲೇ ಮಾಡಿಕೊಳ್ಳಿ. ವಿಮಾನದ ಬೋರ್ಡಿಂಗ್ ಪಾಸ್, ಆಸ್ಪತ್ರೆಯ ಫೈಲು, ಮಕ್ಕಳ ಮಾರ್ಕ್ಸ್ ಕಾರ್ಡು, ಇವೆಲ್ಲ ಇದೇ ಜಾತಿ. ಕನ್ನಡಿ, ಕಿಟಕಿ ಗಾಜು, ಹೊಳೆಯುವ ಸ್ಟೀಲ್ ಪಾತ್ರೆ ಕೂಡ ಕ್ಯಾಮೆರಾ ಹಿಂದಿರುವುದನ್ನು ತೋರಿಸುತ್ತವೆ.

ಶಬ್ದವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಿಂದೆ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್, ಕಂಡಕ್ಟರ್ ಸ್ಟಾಪಿನ ಹೆಸರು ಕೂಗುವುದು, ಬೀದಿಯ ದೇವಸ್ಥಾನದ ಮೈಕು, ಅಮ್ಮ ಒಳಗಿನಿಂದ ನಿಮ್ಮ ನಿಜವಾದ ಹೆಸರು ಹಿಡಿದು ಕರೆಯುವುದು. ಮೂಲ ಆಡಿಯೋ ಪೂರ್ತಿ ಕತ್ತರಿಸಿ ಆಮೇಲೆ ವಾಯ್ಸ್ ಓವರ್ ಕೊಟ್ಟರೆ ಈ ತಲೆನೋವೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಪೂರ್ತಿ ಕೇಳಿ ಆಮೇಲೆ ಅಪ್‌ಲೋಡ್ ಮಾಡಿ.

ಮರೆಸಲೇಬೇಕಾದದ್ದು ಫ್ರೇಮಿನಲ್ಲಿದ್ದರೆ ಎಡಿಟಿಂಗ್ ಆ್ಯಪ್‌ನಲ್ಲಿ ಚಿತ್ರವನ್ನು ಚೌಕ ಚೌಕವಾಗಿ ಮಸುಕು ಮಾಡುವ ಮೊಸಾಯಿಕ್ ಬಳಸಿ. ಯೂಟ್ಯೂಬ್ ಸ್ಟುಡಿಯೋದಲ್ಲಿ ಮುಖವನ್ನು ತಾನಾಗಿಯೇ ಹಿಂಬಾಲಿಸಿ ಮಸುಕು ಮಾಡುವ ಸೌಲಭ್ಯ ಇದೆ. ಅಂಕಿ ಅಕ್ಷರಗಳಿಗೆ ತೆಳುವಾದ ಬ್ಲರ್ ಸಾಲದು, ಗಟ್ಟಿಯಾದ ಕಪ್ಪು ಪಟ್ಟಿ ಹಾಕಿ.

ಆರನೇ ಹೆಜ್ಜೆ: ಯಾವಾಗ ಹಾಕಬೇಕು, ಏನು ಹೇಳಬಾರದು

ಪ್ರವಾಸದ ವಿಡಿಯೋ ಮನೆಗೆ ಬಂದ ಮೇಲೆ ಹಾಕಿ. "ಹತ್ತು ದಿನ ಊರಲ್ಲಿಲ್ಲ ಗೈಸ್" ಅಂದರೆ ಅದನ್ನು ಕಳ್ಳನೂ ಕೇಳಿಸಿಕೊಳ್ಳುತ್ತಾನೆ. ಮದುವೆ ಮನೆಯ ಚಿನ್ನದ ರೀಲ್ಸ್‌ಗೂ ಇದೇ ಮಾತು, ಒಡವೆ ಲಾಕರ್‌ಗೆ ವಾಪಸ್ ಹೋದ ಮೇಲೆ ಹಾಕಿದರೆ ವ್ಯೂಸ್ ಏನೂ ಕಡಿಮೆಯಾಗುವುದಿಲ್ಲ. ದಿನಾ ಹೋಗುವ ಜಿಮ್, ಪಾರ್ಕ್, ಟೀ ಅಂಗಡಿಯನ್ನು ಅದೇ ದಿನ ಅದೇ ಹೊತ್ತಿಗೆ ಹಾಕಬೇಡಿ. ಲೊಕೇಷನ್ ಹಾಕಲೇಬೇಕಾದರೆ ಊರಿನ ಹೆಸರು ಸಾಕು.

ಮಾತಿನ ವಿಷಯ ಇದಕ್ಕಿಂತ ಕಷ್ಟ. ಡಿಪ್ರೆಷನ್, ಗರ್ಭಪಾತ, ಡೈವೋರ್ಸ್, ಸಾಲ, ಅತ್ತೆ ಮನೆಯ ಜಗಳ, ಇವುಗಳ ಬಗ್ಗೆ ಕ್ಯಾಮೆರಾ ಮುಂದೆ ಮನಸ್ಸು ಬಿಚ್ಚಿ ಮಾತಾಡುವವರು ಈಗ ತುಂಬಾ ಜನ. ಅದರಿಂದ ಬೇರೆಯವರಿಗೆ ಧೈರ್ಯ ಬರುತ್ತದೆ, ನಿಜ. ಬಾಯಿ ಮುಚ್ಚಿಕೊಂಡಿರಿ ಅಂತ ನಾನಂತೂ ಹೇಳುವುದಿಲ್ಲ. ಆದರೆ ಒಂದು ಪದ್ಧತಿ ಇಟ್ಟುಕೊಳ್ಳಿ: ಅತ್ತ ದಿನ ಶೂಟ್ ಮಾಡಿ, ಡ್ರಾಫ್ಟ್‌ನಲ್ಲಿಡಿ, ಒಂದು ವಾರ ಬಿಟ್ಟು ನೋಡಿ. ಆಗ ಮೂರು ಜನರನ್ನು ನೆನಪಿಸಿಕೊಳ್ಳಿ. ನಾಳೆ ಕೆಲಸ ಕೊಡುವವರು, ಎದುರು ಪಕ್ಷದ ವಕೀಲರು, ಹತ್ತು ವರ್ಷ ಕಳೆದ ಮೇಲೆ ನಿಮ್ಮ ಮಗು. ಮೂವರೂ ನೋಡಿದರೆ ಪರವಾಗಿಲ್ಲ ಅನ್ನಿಸಿದರೆ ಹಾಕಿ. ಕೋರ್ಟಿನಲ್ಲಿ ಕೇಸ್ ನಡೆಯುತ್ತಿದ್ದರೆ ನಿಮ್ಮ ವಕೀಲರನ್ನು ಕೇಳದೆ ಒಂದು ಸಾಲೂ ಬೇಡ.

ಇನ್ನೊಂದು ಅಳತೆ: ಕಥೆ ನಿಮ್ಮದೇ ಇರಬಹುದು, ಅದರಲ್ಲಿರುವ ಎಲ್ಲಾ ವಿವರ ನಿಮ್ಮದಲ್ಲ. ಅಕ್ಕನ ಕಾಯಿಲೆ ಅಕ್ಕನದು. ನಿಮಗೆ ಹೇಗನಿಸಿತು ಅಂತ ಹೇಳಿ. ಯಾವ ಆಸ್ಪತ್ರೆ, ಯಾವ ಮಾತ್ರೆ, ಯಾರ ಹೆಸರು ಅನ್ನುವುದನ್ನು ಬಿಡಿ.

ಕಾಮೆಂಟಿನಲ್ಲಿ ಬಾಯಿ ಬಿಡಿಸುವವರಿರುತ್ತಾರೆ. "ಅಕ್ಕ, ನಮ್ಮೂರಿನವರ ಥರ ಕಾಣ್ತೀರ, ಯಾವ ಊರು?" ಅನ್ನುವುದರಿಂದ ಶುರು. ಬ್ರ್ಯಾಂಡ್ ಹೆಸರಿನಲ್ಲಿ ಬರುವ ಕೊಲಾಬ್ ಮೆಸೇಜ್‌ಗಳೂ ಅಷ್ಟೇ. ಫಾರ್ಮ್‌ನಲ್ಲಿ ಮನೆ ವಿಳಾಸ, ಪ್ಯಾನ್, ಬ್ಯಾಂಕ್ ವಿವರ ಕೇಳಿದರೆ ಮೊದಲು ಆ ಕಂಪನಿಯ ವೆಬ್‌ಸೈಟಿನಲ್ಲಿರುವ ಇಮೇಲ್‌ಗೆ ಬರೆದು ನಿಜವಾ ಅಂತ ಕೇಳಿ. ಓಟಿಪಿ ಕೇಳಿದರೆ ಅಲ್ಲಿಗೇ ಬ್ಲಾಕ್.

ಏಳನೇ ಹೆಜ್ಜೆ: ಫ್ರೇಮಿನಲ್ಲಿರುವ ಬೇರೆಯವರು

ಮಕ್ಕಳು ಮೊದಲು. ಸ್ನಾನ ಮಾಡುವುದು, ಬಟ್ಟೆ ಬದಲಿಸುವುದು, ಹಟ ಮಾಡಿ ಅಳುವುದು, ಬೈಸಿಕೊಳ್ಳುವುದು, ಇವು ಎಷ್ಟೇ ಮುದ್ದಾಗಿದ್ದರೂ ಪಬ್ಲಿಕ್ ಖಾತೆಗೆ ಬೇಡವೇ ಬೇಡ. ಯೂನಿಫಾರ್ಮ್, ಐಡಿ ಕಾರ್ಡ್, ಸ್ಕೂಲ್ ವ್ಯಾನ್ ಕಾಣಬಾರದು. ಮಗು ಸ್ವಲ್ಪ ದೊಡ್ಡದಾಗಿದ್ದರೆ ಕೇಳಿ, ಬೇಡ ಅಂದರೆ ಬಿಡಿ. ಫ್ರಾನ್ಸ್ 2024ರ ಫೆಬ್ರುವರಿಯಲ್ಲಿ ಮಕ್ಕಳ ಚಿತ್ರದ ಹಕ್ಕಿನ ಬಗ್ಗೆ ಕಾನೂನನ್ನೇ ತಂದಿತು. ಅಪ್ಪ ಅಮ್ಮ ಇಬ್ಬರೂ ಸೇರಿ ಆ ಹಕ್ಕನ್ನು ಕಾಪಾಡಬೇಕು, ವಯಸ್ಸಿಗೆ ತಕ್ಕಂತೆ ಮಗುವನ್ನೂ ಕೇಳಬೇಕು ಅನ್ನುತ್ತದೆ ಅದು. ನಮಗೆ ಅಂಥ ಕಾನೂನು ಬರುವವರೆಗೆ ಕಾಯಬೇಕಿಲ್ಲ.

ಇನ್ನು ಬೀದಿಯಲ್ಲಿರುವ ಅಪರಿಚಿತರು. 2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೋದಲ್ಲಿ ಹೆಂಗಸರಿಗೆ ಗೊತ್ತಾಗದಂತೆ ವಿಡಿಯೋ ಮಾಡಿ ಹಾಕುತ್ತಿದ್ದ ಇನ್‌ಸ್ಟಾಗ್ರಾಂ ಖಾತೆ ಬಯಲಾಗಿ ಕೇಸ್ ಆಯಿತು. ಜುಲೈನಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್. ಸುಮ್ನೆ ನಡೆದು ಹೋಗುತ್ತಿದ್ದ ಯುವತಿಯನ್ನು ಕೇಳದೆ ಶೂಟ್ ಮಾಡಿ ಹಾಕಿದ್ದರು, ಜನ ಆಕೆಯ ಖಾತೆ ಹುಡುಕಿ ಅಸಭ್ಯ ಮೆಸೇಜ್ ಕಳಿಸಿದರು. ಆಕೆ ಬಹಿರಂಗವಾಗಿ ಮಾತಾಡಿದ ಮೇಲೆ ಒಬ್ಬನ ಬಂಧನವಾಯಿತು. ನೀವು ವ್ಲಾಗ್ ಮಾಡುವವರಾದರೆ ಜನರಿಂದ ದೂರ ನಿಂತು ಶೂಟ್ ಮಾಡಿ, ಗುರುತು ಸಿಗುವ ಮುಖಗಳನ್ನು ಮಸುಕು ಮಾಡಿ, ಪ್ರ್ಯಾಂಕ್ ಆದರೆ ಆಮೇಲಾದರೂ ಒಪ್ಪಿಗೆ ಕೇಳಿ. ಬಡವರಿಗೆ ಊಟ ಕೊಡುವ ವಿಡಿಯೋಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ತಟ್ಟೆ ತೋರಿಸಿ, ಮುಖ ಬೇಡ.

ಕೆಲಸದ ಜಾಗದಲ್ಲಿ ರೀಲ್ಸ್ ಮಾಡುವವರು ಗದಗದ ಸುದ್ದಿ ನೆನಪಿಟ್ಟುಕೊಳ್ಳಿ. ಆಸ್ಪತ್ರೆಯೊಳಗೆ ರೀಲ್ಸ್ ಮಾಡಿದ್ದಕ್ಕೆ 2024ರ ಫೆಬ್ರುವರಿಯಲ್ಲಿ ಅಲ್ಲಿನ ಜಿಮ್ಸ್ ವೈದ್ಯಕೀಯ ಕಾಲೇಜಿನ 38 ವಿದ್ಯಾರ್ಥಿಗಳ ಮೇಲೆ ಕ್ರಮ ಆಯಿತು. ಐಟಿಯವರಿಗೆ ಲ್ಯಾಪ್‌ಟಾಪ್ ಸ್ಕ್ರೀನು ಮತ್ತು ಹಿಂದಿನ ವೈಟ್‌ಬೋರ್ಡು, ಟೀಚರ್‌ಗಳಿಗೆ ತರಗತಿಯ ಮಕ್ಕಳು, ಇವು ಫ್ರೇಮಿಗೆ ಬರದಂತೆ ನೋಡಿಕೊಳ್ಳಬೇಕಾದವು.

ಎಂಟನೇ ಹೆಜ್ಜೆ: ಹಾಕಿದ ಮೇಲೆ

2023ರ ಕೊನೆಯಿಂದ ಇನ್‌ಸ್ಟಾಗ್ರಾಂನ ಪಬ್ಲಿಕ್ ರೀಲ್‌ಗಳನ್ನು ಯಾರು ಬೇಕಾದರೂ ಡೌನ್‌ಲೋಡ್ ಮಾಡಬಹುದು. ಶೇರಿಂಗ್ ಅಂಡ್ ರೀಯೂಸ್ ಅನ್ನುವಲ್ಲಿ ಡೌನ್‌ಲೋಡ್ ಮತ್ತು ರಿಮಿಕ್ಸ್ (ನಿಮ್ಮ ವಿಡಿಯೋವನ್ನು ಬೇರೆಯವರು ತಮ್ಮದರಲ್ಲಿ ಸೇರಿಸಿಕೊಳ್ಳುವುದು) ಎರಡನ್ನೂ ಆಫ್ ಮಾಡಿ. ಸ್ಕ್ರೀನ್ ರೆಕಾರ್ಡ್ ಮಾಡುವವರನ್ನು ಇದು ತಡೆಯುವುದಿಲ್ಲ, ಸೋಮಾರಿ ಕಳ್ಳರನ್ನು ತಡೆಯುತ್ತದೆ.

ಹಿಡನ್ ವರ್ಡ್ಸ್ ಅಂತ ಒಂದು ಸೌಲಭ್ಯ ಇದೆ. ಅದನ್ನು ಬೈಗುಳಕ್ಕೆ ಮಾತ್ರ ಅಂತ ತಿಳಿದು ಬಿಡಬೇಡಿ. ನಿಮ್ಮ ಫೋನ್ ನಂಬರ್, ಮಗುವಿನ ಹೆಸರು, ಬೀದಿಯ ಹೆಸರು, ಅಪಾರ್ಟ್‌ಮೆಂಟಿನ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡು ಲಿಪಿಯಲ್ಲೂ ಸೇರಿಸಿ. "ಓ, ನಮ್ಮ ಬ್ಲಾಕಿನ ಎದುರುಗಡೆ ಮನೆಯವರಲ್ವಾ" ಅಂತ ಪ್ರೀತಿಯಿಂದ ಬರೆಯುವ ಪಕ್ಕದ ಮನೆಯ ಆಂಟಿಯ ಕಾಮೆಂಟಿನಲ್ಲಿ ಆ ಪದಗಳಿದ್ದರೆ ಅದನ್ನೂ ಇದು ಮರೆಸುತ್ತದೆ.

ಲೈಕ್ ಕೂಡ ಒಂದು ಮಾತೇ. ನೀವು ಲೈಕ್ ಮಾಡಿದ ರೀಲ್ಸ್ ಗೆಳೆಯರಿಗೆ ಕಾಣಿಸುವ ವ್ಯವಸ್ಥೆ 2025ರಿಂದ ಇದೆ. ಕಾಯಿಲೆಯ ಬಗ್ಗೆಯೋ ಮದುವೆಯ ತೊಂದರೆಯ ಬಗ್ಗೆಯೋ ನೋಡುತ್ತಿದ್ದರೆ ಲೈಕ್ ಬದಲು ಸೇವ್ ಮಾಡಿ. ಬೇರೆಯವರಿಗೆ ಲಿಂಕ್ ಕಳಿಸುವಾಗ ಪ್ರಶ್ನೆ ಚಿಹ್ನೆಯ ನಂತರ ಒಂದು ಉದ್ದ ಬಾಲ ಇರುತ್ತದೆ, ಅದನ್ನು ಅಳಿಸಿದರೂ ವಿಡಿಯೋ ತೆರೆಯುತ್ತದೆ, ಯಾರು ಹಂಚಿದರು ಅನ್ನುವ ಜಾಡು ಹೋಗುತ್ತದೆ. ಅಕೌಂಟ್ಸ್ ಸೆಂಟರ್‌ನಲ್ಲಿ "ಮೆಟಾ ಹೊರಗಿನ ಚಟುವಟಿಕೆ" ತೆರೆದು ನೋಡಿ. ನೀವು ಬೇರೆ ಆ್ಯಪ್, ವೆಬ್‌ಸೈಟ್‌ಗಳಲ್ಲಿ ಮಾಡಿದ್ದೂ ಅಲ್ಲಿ ಪಟ್ಟಿಯಾಗಿರಬಹುದು. ಅಳಿಸಿ, ಮುಂದೆ ಜೋಡಿಸದಂತೆ ಮಾಡಿ. ಯೂಟ್ಯೂಬ್ ಹಿಸ್ಟರಿಯನ್ನು ಮೂರು ತಿಂಗಳಿಗೊಮ್ಮೆ ತಾನೇ ಅಳಿಸಿಹೋಗುವಂತೆ ಇಡಬಹುದು.

ಕೈ ಮೀರಿದರೆ

ಮೊದಲ ಕೆಲಸ ರಿಪೋರ್ಟ್ ಮಾಡುವುದಲ್ಲ, ಸಾಕ್ಷಿ ಇಟ್ಟುಕೊಳ್ಳುವುದು. ವಿಡಿಯೋ ತೆಗೆದ ಮೇಲೆ ನಿಮ್ಮ ಕೈಯಲ್ಲೂ ಏನೂ ಉಳಿಯುವುದಿಲ್ಲ. ಲಿಂಕ್, ಯೂಸರ್‌ನೇಮ್, ತಾರೀಖು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಚಾಟ್ ಡಿಲೀಟ್ ಮಾಡಬೇಡಿ. ಆಮೇಲೆ ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ. ಯೂಟ್ಯೂಬ್‌ನಲ್ಲಿ ಖಾಸಗಿತನದ ದೂರಿಗೆ ಬೇರೆಯದೇ ಫಾರ್ಮ್ ಇದೆ. ನಿಮ್ಮ ಮುಖ ಅಥವಾ ದನಿಯನ್ನು ಎಐನಿಂದ ನಕಲು ಮಾಡಿದ್ದರೂ ಅದರಲ್ಲೇ ದೂರು ಕೊಡಬಹುದು.

ಉತ್ತರ ಬರದಿದ್ದರೆ ಅಥವಾ "ನಮ್ಮ ನಿಯಮ ಮೀರಿಲ್ಲ" ಅಂತ ಬಂದರೆ ಕಂಪನಿಯಲ್ಲಿ ದೂರು ಕೇಳುವ ಅಧಿಕಾರಿಗೆ, ಅಂದರೆ ಗ್ರೀವನ್ಸ್ ಆಫೀಸರ್‌ಗೆ ಬರೆಯಿರಿ. ಭಾರತದಲ್ಲಿ ಈ ಅಧಿಕಾರಿಯ ಹೆಸರು, ವಿಳಾಸ ಪ್ರಕಟಿಸುವುದು 2021ರ ಐಟಿ ನಿಯಮಗಳ ಪ್ರಕಾರ ಕಡ್ಡಾಯ. ಅಲ್ಲೂ ನ್ಯಾಯ ಸಿಗದಿದ್ದರೆ 30 ದಿನದೊಳಗೆ ಸರ್ಕಾರದ ಗ್ರೀವನ್ಸ್ ಅಪೆಲೇಟ್ ಕಮಿಟಿಗೆ ಆನ್‌ಲೈನಿನಲ್ಲೇ ಮೇಲ್ಮನವಿ ಹಾಕಬಹುದು, ದುಡ್ಡು ಕೊಡಬೇಕಿಲ್ಲ.

ಬೆತ್ತಲೆ ಅಥವಾ ಖಾಸಗಿ ವಿಡಿಯೋ ಹರಿಬಿಡುತ್ತೇನೆ ಅಂತ ಯಾರಾದರೂ ಹೆದರಿಸುತ್ತಿದ್ದರೆ ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಸ್ಟಾಪ್ ಎನ್‌ಸಿಐಐ ಅನ್ನುವ ವೆಬ್‌ಸೈಟಿದೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಂಪನಿಗಳಿಗೆ ಹೋಗಿ ಅಪ್‌ಲೋಡ್ ತಡೆಯಲು ನೆರವಾಗುತ್ತದೆ. 18 ದಾಟದವರಿಗೆ ಟೇಕ್ ಇಟ್ ಡೌನ್ ಅಂತ ಇಂಥದ್ದೇ ಇನ್ನೊಂದಿದೆ. ದೇಹದ ಖಾಸಗಿ ಭಾಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲಾಗಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಉಳಿದದ್ದಕ್ಕೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ ಇದೆ, ಹೆಂಗಸರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಅಲ್ಲಿ ಕೊಡಬಹುದು. ನಮ್ಮ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆಗಳಿವೆ. ಜೀವಕ್ಕೆ ಅಪಾಯ ಅನ್ನಿಸಿದರೆ 112.

ದೂರು ಕೊಡಲು ಹೋದಾಗ "ನೀವೇ ತಾನೇ ಹಾಕಿಕೊಂಡಿದ್ದು" ಅಂತ ಯಾರಾದರೂ ಅಂದರೆ ತಲೆ ತಗ್ಗಿಸಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದ್ದಾರೆ. ಆ ಕೇಸಿನ ಮೊದಲ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ದೂರನ್ನು ಬರಹದಲ್ಲೇ ಕೊಡಿ, ಸ್ವೀಕೃತಿ ಪತ್ರ ಕೇಳಿ ತೆಗೆದುಕೊಳ್ಳಿ. ಪೋರ್ಟಲ್‌ನಲ್ಲಿ ಕೊಟ್ಟಿದ್ದರೆ ಅಲ್ಲಿ ಬರುವ ನಂಬರನ್ನು ಫೋನಿನಲ್ಲಿ ಮಾತ್ರವಲ್ಲ, ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಪೊಲೀಸರು ಪರಿಶೀಲನೆಗೆ ಫೋನ್ ತೆಗೆದುಕೊಂಡರೆ ಆ ನಂಬರ್ ಬೇಕಾಗುತ್ತದೆ.